ಮನೆಯೊಳಗೆ ಚೋರಟೆ: ಗುರುತು, ಕಾರಣ, ಹತೋಟಿ

ಲಾಸ್ ಏಂಜಲಿಸ್ ನಗರದ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿರುವ ನಾರ್ತ್‌ರಿಜ್‌ನಲ್ಲಿ ಚೋರಟೆ ಮನೆಯೊಳಗೆ ಬರುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಒಂದು, ಆರೇಳು ತಿಂಗಳ ಒಣಗಾಲ ಮುಗಿದು ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ. ಇನ್ನೊಂದು, ಸುಡುಬೇಸಿಗೆಯಲ್ಲಿ ಸುತ್ತಲ ನೆಲವೆಲ್ಲ ಒಣಗಿ, ಸ್ಪ್ರಿಂಕ್ಲರ್ ನೀರು ಬೀಳುವ ಗೋಡೆಯ ಬುಡ ಮಾತ್ರ ಹಸಿಯಾಗಿ ಉಳಿದಾಗ. ಎರಡಕ್ಕೂ ಕಾರಣ ನೀರೇ. ಹೀಗಾಗಿ ಚೋರಟೆಯ ಹತೋಟಿ ಎಂದರೆ ಬಹುಪಾಲು ತೇವದ ಹತೋಟಿ. ಔಷಧಿ ಸಿಂಪಡಿಸುವ ಕೆಲಸಕ್ಕೆ ಅದರಲ್ಲಿ ಸಣ್ಣ ಪಾಲು.

ಮಲೆನಾಡಿನಿಂದಲೋ ಕರಾವಳಿಯಿಂದಲೋ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಲಾಸ್ ಏಂಜಲಿಸ್‌ನ ಇಡೀ ವರ್ಷದ ಸರಾಸರಿ ಮಳೆ ಸುಮಾರು 14 ಇಂಚು, ಅಂದರೆ 360 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಒಳ್ಳೆಯ ವಾರಕ್ಕೆ ಅಷ್ಟು ಸುರಿಯುತ್ತದೆ. ಇಂಥ ಒಣ ಊರಿನಲ್ಲಿ ಚೋರಟೆಗೆ ಏನು ಕೆಲಸ ಎಂಬ ಪ್ರಶ್ನೆಗೆ ಉತ್ತರ ಹಿತ್ತಿಲಲ್ಲೇ ಇದೆ: ವರ್ಷವಿಡೀ ನೀರು ಕುಡಿಯುವ ಹುಲ್ಲುಹಾಸು, ಗಿಡದ ಬುಡಕ್ಕೆ ಹರಡಿದ ಮರದ ಚಕ್ಕೆ, ಕಿತ್ತಲೆ ಮರದಡಿ ಬಿದ್ದು ಕೊಳೆಯುವ ಹಣ್ಣು. ಮಳೆ ಕೊಡದ ತೇವವನ್ನು ಜನರೇ ಕೊಡುತ್ತಿದ್ದಾರೆ.

ಗುರುತು ಹಿಡಿಯುವ ಬಗೆ

ಪಠ್ಯಪುಸ್ತಕಗಳ ಸಹಸ್ರಪದಿಯೇ ಚೋರಟೆ. ಇದು ಕೀಟವಲ್ಲ, ಸಂಧಿಪದಿಗಳಲ್ಲಿ ಡಿಪ್ಲೊಪೊಡ ಎಂಬ ಬೇರೆಯೇ ವರ್ಗಕ್ಕೆ ಸೇರಿದ ಜೀವಿ. ಇದುವರೆಗೆ ಹೆಸರು ಪಡೆದ ಪ್ರಭೇದಗಳು ಸುಮಾರು 12,000. ಮೈ ಉಂಗುರ ಉಂಗುರವಾಗಿದ್ದು, ತಲೆಯ ಹಿಂದಿನ ಕೆಲವು ಉಂಗುರಗಳನ್ನು ಬಿಟ್ಟರೆ ಪ್ರತಿ ಉಂಗುರಕ್ಕೂ ಎರಡು ಜೊತೆ ಕಾಲು. ಮೊದಲ ಉಂಗುರಕ್ಕೆ ಕಾಲೇ ಇಲ್ಲ, ನಂತರದ ಮೂರಕ್ಕೆ ಒಂದೊಂದು ಜೊತೆ. ಕಾಲುಗಳು ಮೈಯ ಅಡಿಯಲ್ಲಿ ಮಡಿಚಿಕೊಂಡಿರುವುದರಿಂದ ನಡೆಯುವಾಗ ಪಕ್ಕದಲ್ಲಿ ಅಲೆ ಹರಿದಂತೆ ಕಾಣುತ್ತದೆಯೇ ಹೊರತು ಒಂದೊಂದು ಕಾಲು ಬೇರೆಯಾಗಿ ಕಾಣುವುದಿಲ್ಲ. ಮುಟ್ಟಿದರೆ ಓಡುವುದಿಲ್ಲ, ಚಕ್ಕುಲಿಯಂತೆ ಸುರುಳಿ ಸುತ್ತಿ ಮಲಗಿಬಿಡುತ್ತದೆ.

ಹೆಸರಿನಲ್ಲಿ ಸಾವಿರ ಕಾಲಿದ್ದರೂ ನಿಜವಾಗಿ ಸಾವಿರ ದಾಟಿದ್ದು ಒಂದೇ ಪ್ರಭೇದ: ಪಶ್ಚಿಮ ಆಸ್ಟ್ರೇಲಿಯಾದ ನೆಲದಾಳದಲ್ಲಿ ಸಿಕ್ಕು 2021ರಲ್ಲಿ ವಿವರಣೆ ಪಡೆದ, 1,306 ಕಾಲಿನ ಯೂಮಿಲಿಪೀಸ್ ಪರ್ಸೆಫೊನಿ. ಮನೆಗೆ ಬರುವವಕ್ಕೆ ನೂರರ ಆಚೀಚೆ ಅಥವಾ ಅದಕ್ಕಿಂತ ಕಡಿಮೆ.

ದಕ್ಷಿಣ ಕ್ಯಾಲಿಫೋರ್ನಿಯಾದ ಮನೆಗಳ ಸುತ್ತ ತೀರ ಸಾಮಾನ್ಯವಾದದ್ದು ಆಕ್ಸಿಡಸ್ ಗ್ರಾಸಿಲಿಸ್. ಹಸಿರುಮನೆ ಚೋರಟೆ ಎಂದೇ ಪ್ರಸಿದ್ಧವಾದ ಇದು ಪೂರ್ವ ಏಷ್ಯಾ ಮೂಲದ್ದು. ನರ್ಸರಿ ಗಿಡಗಳ ಮಣ್ಣಿನ ಜೊತೆ ಭೂಮಿಯ ನಾಲ್ಕೂ ಮೂಲೆಗೆ ಹೋಗಿದೆ. ಉದ್ದ ಎರಡು ಸೆಂಟಿಮೀಟರ್‌ನಷ್ಟು, ಬಣ್ಣ ಕಡುಕಂದು, ಕಾಲು ಬಿಳಿಚಿದ ಹಳದಿ. ಬೆನ್ನು ಚಪ್ಪಟೆ, ಪ್ರತಿ ಉಂಗುರದ ಎರಡೂ ಪಕ್ಕ ಸಣ್ಣ ಅಂಚು ಚಾಚಿರುತ್ತದೆ. ಇದಲ್ಲದೆ ಹುಲ್ಲುಹಾಸಿನಲ್ಲಿ ಬೂದು ಅಥವಾ ಕಪ್ಪು ಬಣ್ಣದ, ದುಂಡು ಮೈಯ, ಸಣಕಲು ಚೋರಟೆಗಳೂ ಕಾಣುತ್ತವೆ. ಊರಿನ ಉತ್ತರಕ್ಕೆ ಬೆಟ್ಟದ ಕಡೆ ಹೋದಂತೆ, ಓಕ್ ಮರದ ತರಗೆಲೆಯಡಿ ಬೆರಳುದ್ದದ ದಪ್ಪ ಟೈಲೋಬೋಲಸ್ ಸಿಗಬಹುದು. ಅದು ಆ ನೆಲದ್ದೇ ಮೂಲನಿವಾಸಿ, ಮನೆಗೆ ನುಗ್ಗುವ ಸ್ವಭಾವದ್ದಲ್ಲ. ದಾರಿ ತಪ್ಪಿ ಗ್ಯಾರೇಜಿಗೆ ಬಂದರೆ ಕಾಗದದ ಮೇಲೆ ಹತ್ತಿಸಿಕೊಂಡು ಮರದಡಿ ಬಿಟ್ಟರಾಯಿತು. ವರ್ಜೀನಿಯಾ ಟೆಕ್‌ನ ಪಾಲ್ ಮಾರೆಕ್ ಮತ್ತು ಸಂಗಡಿಗರು 2023ರಲ್ಲಿ ಇಲಾಕ್ಮೆ ಸೋಕಾಲ್ ಎಂಬ ಹೊಸ ಪ್ರಭೇದವನ್ನು ವಿವರಿಸಿದ್ದು ಪಕ್ಕದ ಆರೆಂಜ್ ಕೌಂಟಿಯ ಮಣ್ಣಿನಿಂದ: ದಾರದಷ್ಟು ತೆಳು, ಬಣ್ಣವಿಲ್ಲದ ಮೈ, 486 ಕಾಲು. ಸಾಂಟಾ ಮೋನಿಕಾ ಬೆಟ್ಟಸಾಲಿನಲ್ಲಿ ಕತ್ತಲಲ್ಲಿ ಹಸಿರು-ನೀಲಿಯಾಗಿ ಬೆಳಗುವ ಮೋಟಿಕ್ಸಿಯಾ ಕುಲದ ಚೋರಟೆಯೂ ಇದೆ. ಈ ಅಪರೂಪದವು ಯಾವುವೂ ಅಡುಗೆಮನೆಗೆ ಬರುವುದಿಲ್ಲ.

ಜರಿಯನ್ನೂ ಚೋರಟೆಯನ್ನೂ ಬೇರೆ ಮಾಡಿ ನೋಡುವುದು ಮಕ್ಕಳಿರುವ ಮನೆಗೆ ಮುಖ್ಯ. ಜರಿಗೆ ಉಂಗುರಕ್ಕೆ ಒಂದೇ ಜೊತೆ ಕಾಲು, ಅವು ಪಕ್ಕಕ್ಕೆ ಚಾಚಿರುತ್ತವೆ. ಮೈ ಚಪ್ಪಟೆ, ಓಟ ಚುರುಕು, ಬೇಟೆಯಾಡುವ ಜೀವಿಯಾದ್ದರಿಂದ ವಿಷದ ಕೊಂಡಿ ಇರುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಒಣಬೆಟ್ಟಗಳಲ್ಲಿರುವ ದೊಡ್ಡ ಜರಿ ಸ್ಕೊಲೊಪೆಂಡ್ರಾ ಪಾಲಿಮಾರ್ಫಾ ಕಚ್ಚಿದರೆ ಚೆನ್ನಾಗಿಯೇ ನೋಯುತ್ತದೆ. ಬಚ್ಚಲಲ್ಲಿ ಉದ್ದುದ್ದ ಕಾಲುಗಳ ಮೇಲೆ ಸರ್ರನೆ ಓಡುವುದು ಮನೆಜರಿ. ಅದು ಜಿರಳೆ, ಬೆಳ್ಳಿಹುಳ ತಿಂದುಕೊಂಡಿರುತ್ತದೆ. ಮುಟ್ಟಿದರೆ ಗೋಲಿಯಾಗುವ ಬೂದುಬಣ್ಣದ ಪುಟ್ಟ ಜೀವಿ ಪಿಲ್ ಬಗ್. ಅದಕ್ಕೆ ಏಳೇ ಜೊತೆ ಕಾಲು. ಅದು ಕಂಡ ಜಾಗದಲ್ಲಿ ಚೋರಟೆಯೂ ಇರುವ ಸಂಭವ ಹೆಚ್ಚು, ಇಬ್ಬರ ಊಟವೂ ಒಂದೇ.

ಅಪಾಯ ಎಷ್ಟು

ಚೋರಟೆ ಕಚ್ಚುವುದಿಲ್ಲ, ಕುಟುಕುವುದಿಲ್ಲ, ಮನುಷ್ಯರಿಗೆ ರೋಗ ಹರಡುವುದಿಲ್ಲ. ಮರ, ಬಟ್ಟೆ, ಅಕ್ಕಿಬೇಳೆ ತಿನ್ನುವುದಿಲ್ಲ. ಮನೆಯೊಳಗೆ ಮೊಟ್ಟೆಯಿಟ್ಟು ಸಂಸಾರ ಹೂಡುವುದೂ ಇಲ್ಲ. ಇರುವ ಒಂದೇ ಆಯುಧ ಮೈಯ ಪಕ್ಕದ ಗ್ರಂಥಿಗಳಿಂದ ಸುರಿಸುವ ದ್ರವ. ದುಂಡು ಮೈಯವುಗಳಲ್ಲಿ ಅದು ಬೆಂಜೊಕ್ವಿನೋನ್. ಬೆರಳಿಗೆ ಹತ್ತಿದರೆ ಹಳದಿಯಾಗಿ ಕಂಡು ಮೆಲ್ಲಗೆ ಕಂದಾಗುತ್ತದೆ, ಸೋಪಿಗೂ ಬೇಗ ಬಗ್ಗುವುದಿಲ್ಲ, ದಿನಗಟ್ಟಲೆ ಉಳಿದು ತಾನಾಗಿಯೇ ಮಾಸುತ್ತದೆ. ಹಸಿರುಮನೆ ಚೋರಟೆಯಂಥ ಚಪ್ಪಟೆ ಬೆನ್ನಿನವು ಸಯನೈಡ್ ಬಿಡುತ್ತವೆ, ಹತ್ತಿರ ಹಿಡಿದರೆ ಕಹಿ ಬಾದಾಮಿಯ ವಾಸನೆ. ಸಯನೈಡ್ ಎಂದೊಡನೆ ಹೆದರುವಂತಿಲ್ಲ. ಇರುವೆಯನ್ನೋ ಜೇಡವನ್ನೋ ಓಡಿಸುವಷ್ಟು ಅಲ್ಪ ಪ್ರಮಾಣ ಅದು.

ಜಾಗ್ರತೆ ಬೇಕಾದದ್ದು ಕಣ್ಣಿಗೆ. ಚೋರಟೆ ಮುಟ್ಟಿದ ಕೈಯಲ್ಲಿ ಮಗು ಕಣ್ಣುಜ್ಜಿಕೊಂಡರೆ ಉರಿ, ಊತ ಬರುತ್ತದೆ. ಹತ್ತು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಬೇಕು. ಅಮೆರಿಕದಲ್ಲಿ ಎಲ್ಲಿಂದಲಾದರೂ 1-800-222-1222ಕ್ಕೆ ಕರೆ ಮಾಡಿದರೆ ವಿಷ ನಿಯಂತ್ರಣ ಕೇಂದ್ರ ಸಲಹೆ ಕೊಡುತ್ತದೆ. ನಾಯಿಬೆಕ್ಕು ಬಾಯಿಗೆ ಹಾಕಿಕೊಂಡರೆ ಜೊಲ್ಲು ಸುರಿಸುತ್ತವೆ. ಬಾಯಿ ತೊಳೆದು ನೀರು ಕುಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನು ತಿಳಿಬಣ್ಣದ ಕಾರ್ಪೆಟ್ ಮೇಲೆ ಕಾಲಲ್ಲಿ ಹೊಸಕಿದರೆ ಕಲೆ ಕಾಯಂ. ಬಾಡಿಗೆ ಮನೆಯಾದರೆ ಅದು ಡಿಪಾಸಿಟ್‌ನಲ್ಲಿ ಕಡಿತವಾಗುವ ಕಲೆ.

ತೋಟದಲ್ಲಿ ಇದರ ಕೆಲಸ ಲಾಭದ್ದು. ತರಗೆಲೆ, ಕೊಳೆತ ಕಡ್ಡಿ ತಿಂದು ಗೊಬ್ಬರ ಮಾಡುತ್ತದೆ. ಪಶ್ಚಿಮ ಘಟ್ಟದ ಗೋಲಿ ಚೋರಟೆ ಅರ್ಥ್ರೊಸ್ಫೇರಾದಿಂದ ತೋಟದ ಕಸವನ್ನು ಗೊಬ್ಬರವಾಗಿಸುವ ಬಗ್ಗೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯೇ ನಡೆದಿದೆ. ಎಳೆ ಸಸಿಯ ಬೇರು, ನೆಲಕ್ಕೆ ತಾಗಿದ ಸ್ಟ್ರಾಬೆರಿಗೆ ಬಾಯಿ ಹಾಕುವುದುಂಟು, ಆದರೆ ಹೆಚ್ಚಾಗಿ ಬೇರೆ ಹುಳ ತೂತು ಮಾಡಿದ ಮೇಲೆ. ಹಿತ್ತಿಲಿನ ಚೋರಟೆಯನ್ನೆಲ್ಲ ನಿರ್ಮೂಲ ಮಾಡುವ ಹಟ ಬೇಡದ್ದು. ಗೋಡೆಯಿಂದ ದೂರ ಇಟ್ಟರೆ ಸಾಕು.

ಏಕೆ ಬರುತ್ತದೆ

ಕೀಟಗಳ ಕವಚದ ಮೇಲಿರುವಂಥ ಮೇಣದ ಪದರ ಚೋರಟೆಗೆ ಇಲ್ಲ. ಉಸಿರಾಟದ ರಂಧ್ರಗಳನ್ನು ಮುಚ್ಚಿಕೊಳ್ಳಲೂ ಬರುವುದಿಲ್ಲ. ಒಣಗಾಳಿಯಲ್ಲಿ ಮೈಯ ನೀರು ಹಾರಿಹೋಗುತ್ತಲೇ ಇರುತ್ತದೆ. ಹಗಲೆಲ್ಲ ಮಣ್ಣಿನಲ್ಲಿ ಅಡಗಿ ರಾತ್ರಿ ಹೊರಬರುವುದು ಅದಕ್ಕೇ. ಮಣ್ಣು ನೆನೆದು ಗಾಳಿಯಾಡದಂತಾದಾಗ ಉಸಿರಿಗಾಗಿ ಮೇಲೆ ಬರುತ್ತವೆ, ತೀರ ಒಣಗಿದಾಗ ತೇವ ಹುಡುಕಿ ಹೊರಡುತ್ತವೆ. ನಡೆಯುತ್ತ ಗೋಡೆ ಎದುರಾದರೆ ಗೋಡೆಯುದ್ದಕ್ಕೂ ಸಾಗಿ, ಸಿಕ್ಕ ಮೊದಲ ಸಂದಿನಲ್ಲಿ ಒಳಗೆ ಸೇರುತ್ತವೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತ ಬೇಸಿಗೆಯ ನಡುವೆ ದಾಖಲೆ ಮಳೆ ತಂದಿತು. 2024ರ ಫೆಬ್ರುವರಿ ಮೊದಲ ವಾರ ದಿನಗಟ್ಟಲೆ ಮಳೆ ಬಿಡಲಿಲ್ಲ. ಇಂಥ ಮಳೆಯ ಮರುದಿನ ಬಾಗಿಲ ಬಳಿ ಹತ್ತಾರು ಚೋರಟೆ ಕಂಡರೆ ಮನೆಯಲ್ಲಿ ಏನೋ ಕೆಟ್ಟಿದೆ ಎಂದಲ್ಲ. ನೆಲ ಒಣಗಿದರೆ ಅವು ಬರುವುದು ತಾನೇ ನಿಲ್ಲುತ್ತದೆ. ಮಳೆಯೇ ಇಲ್ಲದ ಜೂನ್, ಜುಲೈನಲ್ಲೂ ದಿನಾ ಬರುತ್ತಿದ್ದರೆ ಮಾತ್ರ ಹತ್ತಿರದಲ್ಲೆಲ್ಲೋ ನೀರು ನಿಲ್ಲುತ್ತಿದೆ ಎಂದೇ ತಿಳಿಯಬೇಕು.

ಮೊಟ್ಟೆಯಿಡುವುದು ತೇವದ ಮಣ್ಣಿನಲ್ಲಿ, ಒಮ್ಮೆಗೆ ಹತ್ತಾರಿಂದ ನೂರಾರು. ಹೆಚ್ಚಿನ ಪ್ರಭೇದಗಳಲ್ಲಿ ಮರಿ ಹೊರಬರುವಾಗ ಮೂರೇ ಜೊತೆ ಕಾಲು. ಪೊರೆ ಕಳಚಿದಂತೆಲ್ಲ ಉಂಗುರವೂ ಕಾಲೂ ಹೆಚ್ಚುತ್ತ ಹೋಗುತ್ತವೆ. ಬೆಳೆದು ನಿಲ್ಲಲು ಕೆಲವಕ್ಕೆ ಒಂದೆರಡು ವರ್ಷವೇ ಬೇಕು. ಈ ವರ್ಷ ಕಾಣುತ್ತಿರುವ ಚೋರಟೆ ಹಿಂದಿನ ವರ್ಷಗಳ ತೇವದಲ್ಲಿ ಬೆಳೆದದ್ದು ಎಂಬುದನ್ನು ನೆನಪಿಟ್ಟರೆ, ಒಂದೇ ವಾರದಲ್ಲಿ ಫಲ ಕಾಣಲಿಲ್ಲವೆಂದು ಬೇಸರವಾಗದು.

ಹೊರಗಿನ ಕೆಲಸ

ಮೊದಲು ತಪಾಸಣೆ, ಅದೂ ರಾತ್ರಿ. ಕತ್ತಲಾಗಿ ಒಂದೆರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ಗೋಡೆಯ ಬುಡ ಸುತ್ತಿದರೆ ಚೋರಟೆ ಎಲ್ಲಿಂದ ಹೊರಡುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕನ್ನಡಿಗರ ಹಿತ್ತಿಲಿನಲ್ಲಿ ನೋಡಲೇಬೇಕಾದ ಜಾಗ ಕುಂಡಗಳ ಅಡಿ. ತುಳಸಿ, ಮಲ್ಲಿಗೆ, ಕರಿಬೇವಿನ ಕುಂಡವನ್ನು ಗೋಡೆಗೆ ಒತ್ತಿ ನೆಲಕ್ಕೇ ಇಟ್ಟಿದ್ದರೆ, ಎತ್ತಿದಾಗ ಅಡಿಯಲ್ಲಿ ದುಂಡಗಿನ ಹಸಿ ಗುರುತು, ಅದರ ಅಂಚಿನಲ್ಲಿ ಬಿಳಿ ಬೂಸ್ಟಿನ ಎಳೆ, ನಡುವೆ ಸುರುಳಿ ಸುತ್ತಿದ ನಾಲ್ಕಾರು ದೊಡ್ಡವು, ಅಕ್ಕಿಕಾಳಿಗಿಂತ ಸಣ್ಣ ಬಿಳಿ ಮರಿಗಳು. ಕುಂಡಗಳನ್ನು ಕಾಲಿರುವ ಸ್ಟ್ಯಾಂಡಿನ ಮೇಲೋ ಇಟ್ಟಿಗೆಯ ಮೇಲೋ ಎತ್ತಿಟ್ಟು ಗೋಡೆಯಿಂದ ಒಂದು ಅಡಿ ದೂರ ಸರಿಸಿದರೆ ಅರ್ಧ ತೊಂದರೆ ತಪ್ಪೀತು. ಚಳಿಗಾಲಕ್ಕೆ ಕುಂಡವನ್ನು ಒಳಗೆ ತರುವಾಗ ಅಡಿ ಒರೆಸಿ, ಮೇಲಿನ ಒಂದಿಂಚು ಮಣ್ಣು ಕೆದಕಿ ನೋಡಬೇಕು. 

ನೀರು ಹಾಯಿಸುವ ಹೊತ್ತು ಬದಲಿಸುವುದು ಎರಡನೆಯ ಕೆಲಸ. ನಗರದ ನೀರು-ವಿದ್ಯುತ್ ಇಲಾಖೆಯ ನಿಯಮದ ಪ್ರಕಾರ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಸ್ಪ್ರಿಂಕ್ಲರ್ ಹಾಕುವಂತಿಲ್ಲ. ಮನೆಸಂಖ್ಯೆ ಬೆಸವೋ ಸಮವೋ ನೋಡಿ ವಾರದ ದಿನಗಳೂ ಹಂಚಿಕೆಯಾಗಿವೆ. ಬಹಳ ಮಂದಿ ಟೈಮರನ್ನು ರಾತ್ರಿಗೆ ಇಟ್ಟುಬಿಡುತ್ತಾರೆ. ಚೋರಟೆಗೆ ಇದಕ್ಕಿಂತ ಅನುಕೂಲ ಬೇರಿಲ್ಲ: ಅದು ಹೊರಡುವ ಹೊತ್ತಿಗೇ ನೆಲ ಹಸಿ. ಬೆಳಗಿನ ಜಾವ ಐದಾರು ಗಂಟೆಗೆ ಹಾಯಿಸಿದರೆ ನಿಯಮವೂ ಪಾಲನೆಯಾಯಿತು, ಸಂಜೆಯೊಳಗೆ ಮೇಲ್ಮಣ್ಣೂ ಒಣಗಿತು. ದಿನಾ ಸ್ವಲ್ಪ ಸ್ವಲ್ಪಕ್ಕಿಂತ ವಾರಕ್ಕೆರಡು ಸಲ ಆಳಕ್ಕೆ ಇಳಿಯುವಂತೆ ಕೊಡುವುದು ಹುಲ್ಲಿಗೂ ಒಳ್ಳೆಯದು. ಗೋಡೆಗೆ ನೀರು ಎರಚುವ ಸ್ಪ್ರಿಂಕ್ಲರ್ ತಲೆಯನ್ನು ತಿರುಗಿಸಬೇಕು, ಸೋರುವ ಹೊರನಲ್ಲಿ ಸರಿಮಾಡಿಸಬೇಕು. ಎ.ಸಿ. ನೀರಿನ ಕೊಳವೆ ಗೋಡೆಯ ಬುಡದಲ್ಲೇ ತೊಟ್ಟಿಕ್ಕುತ್ತಿದ್ದರೆ ಅದನ್ನು ದೂರಕ್ಕೆ ಒಯ್ಯಬೇಕು. ನಡುಬೇಸಿಗೆಯ ಚೋರಟೆಗೆ ಅನೇಕ ಮನೆಗಳಲ್ಲಿ ಇದೇ ತವರು.

ಮೂರನೆಯದು ಕಸ. ಗೋಡೆಯಂಚಿನ ತರಗೆಲೆ, ಮರದ ಚಕ್ಕೆ, ಹಳೆಯ ಹಲಗೆ, ಸೌದೆ ಸರಿಸಿ ಬರಿನೆಲ ಅಥವಾ ಜಲ್ಲಿಯ ಪಟ್ಟಿ ಬಿಡಬೇಕು. ಒಂದಡಿ ಅಗಲ ಇದ್ದರೂ ಉಪಯೋಗವಿದೆ. ಐದಡಿ ಬಿಟ್ಟರೆ ಕಾಳ್ಗಿಚ್ಚಿನ ಕಿಡಿಯಿಂದ ಮನೆ ಉಳಿಸಿಕೊಳ್ಳಲು ಕ್ಯಾಲಿಫೋರ್ನಿಯಾದ ಅಗ್ನಿಶಾಮಕ ಇಲಾಖೆ ಹೇಳುವ ಅಂತರವೂ ಅಷ್ಟೇ ಆದ್ದರಿಂದ ಒಂದೇ ಕೆಲಸದಲ್ಲಿ ಎರಡೂ ಸಾಧಿಸಿದಂತಾಗುತ್ತದೆ. ಪೋರ್ಟರ್ ರ‍್ಯಾಂಚ್ ಕಡೆಯ ಬೆಟ್ಟದ ಮಗ್ಗುಲಿನ ಮನೆಗಳಿಗೆ ಇದು ವಿಶೇಷವಾಗಿ ಅನ್ವಯ. ಗುಡಿಸಿದ ಎಲೆ, ಬಿದ್ದ ಕಿತ್ತಲೆ ಎಲ್ಲ ನಗರದ ಹಸಿರು ಡಬ್ಬಿಗೆ ಹೋಗಲಿ. ತೋಟದಾಳು ಬ್ಲೋವರ್‌ನಲ್ಲಿ ಎಲೆಯನ್ನು ಗೋಡೆಯ ಮೂಲೆಗೆ ತಳ್ಳಿ ಹೋಗುವುದು ವಾಡಿಕೆ; ಒಂದು ಮಾತು ಹೇಳಿಟ್ಟಿರುವುದು ಒಳ್ಳೆಯದು.

ಗೋಡೆ ಮತ್ತು ಬಾಗಿಲು

ನಾರ್ತ್‌ರಿಜ್‌ನ ಬಹುತೇಕ ಮನೆಗಳು ಎರಡನೇ ಮಹಾಯುದ್ಧದ ನಂತರ ಕಿತ್ತಲೆ ತೋಟಗಳಿದ್ದ ನೆಲದಲ್ಲಿ ಎದ್ದವು; ಒಂದಂತಸ್ತು, ಹೊರಗೆ ಸ್ಟಕ್ಕೊ ಗಾರೆ, ಹಿತ್ತಿಲಿಗೆ ಗಾಜಿನ ಜಾರುಬಾಗಿಲು. ಈ ಗಾರೆಗೋಡೆ ಮುಗಿಯುವಲ್ಲಿ, ಅಡಿಪಾಯದ ಮೇಲೆ, ತೂತುಗಳಿರುವ ತಗಡಿನ ಪಟ್ಟಿಯೊಂದು ಕಾಣುತ್ತದೆ. ಗೋಡೆಯೊಳಗೆ ಸೇರಿದ ನೀರು ಹೊರಬರುವ ದಾರಿ ಅದು, ಅದಕ್ಕೆ ವೀಪ್ ಸ್ಕ್ರೀಡ್ ಎನ್ನುತ್ತಾರೆ. ಕಟ್ಟಡ ನಿಯಮದಂತೆ ಅದು ಮಣ್ಣಿಗಿಂತ 4 ಇಂಚು, ಕಾಂಕ್ರೀಟ್ ನೆಲಕ್ಕಿಂತ 2 ಇಂಚು ಮೇಲಿರಬೇಕು. ವರ್ಷವರ್ಷವೂ ಮಣ್ಣು, ಚಕ್ಕೆ ಸುರಿದು ಅದನ್ನು ಹೂತುಬಿಟ್ಟ ಮನೆಗಳಲ್ಲಿ ಚೋರಟೆಗೆ ನೆಲದಿಂದ ನೇರ ಗೋಡೆಯೊಳಕ್ಕೆ ದಾರಿ ಸಿಕ್ಕಂತೆ. ಗೆದ್ದಲಿಗೂ ಅದೇ ದಾರಿ. ಮಣ್ಣು ತೋಡಿ ಪಟ್ಟಿಯನ್ನು ಬಯಲು ಮಾಡಬೇಕೇ ಹೊರತು, ಹುಳ ಬರುತ್ತದೆಂದು ಸಿಲಿಕೋನ್ ತುಂಬಿ ಮುಚ್ಚಲೇಬಾರದು. ಮುಚ್ಚಿದರೆ ಗೋಡೆಯೊಳಗೇ ನೀರು ನಿಂತು ಮರದ ಚೌಕಟ್ಟು ಕೊಳೆಯುತ್ತದೆ.

ಉಳಿದ ಸಂದುಗಳನ್ನು ಧಾರಾಳವಾಗಿ ಮುಚ್ಚಬಹುದು. ಬಾಗಿಲ ಕೆಳಗೆ ಬೆಳಕು ಕಂಡರೆ ಡೋರ್ ಸ್ವೀಪ್ ಹಾಕಬೇಕು. ಜಾರುಬಾಗಿಲಿನ ಹಳಿಯ ಕಸ ತೆಗೆದು ಸವೆದ ಬ್ರಷ್ ಪಟ್ಟಿ ಬದಲಿಸಬೇಕು. ಗ್ಯಾರೇಜ್ ಬಾಗಿಲಿನ ರಬ್ಬರ್ ಬಿರಿದಿದ್ದರೆ ಹೊಸತು ಹಾಕಿಸಬೇಕು. ನೀರಿನ, ಗ್ಯಾಸಿನ ಕೊಳವೆ ಗೋಡೆ ತೂರುವಲ್ಲಿ ಸೀಲೆಂಟ್ ತುಂಬಬೇಕು. 1994ರ ಜನವರಿ 17ರ 6.7 ತೀವ್ರತೆಯ ಭೂಕಂಪವನ್ನು ಕಂಡ ಮನೆಯಾದರೆ ಅಡಿಪಾಯದ ಬಿರುಕುಗಳನ್ನೂ ಹಳೆಯ ತೇಪೆಗಳನ್ನೂ ಒಮ್ಮೆ ನೋಡುವುದು ಲೇಸು. ನೆಲದಡಿ ಟೊಳ್ಳು ಬಿಟ್ಟು ಕಟ್ಟಿದ ಹಳೆಯ ಮನೆಗಳಲ್ಲಿ ಗಾಳಿಕಿಂಡಿಗೆ ಜಾಲರಿ ಇರಲಿ, ಆದರೆ ಕಿಂಡಿಯನ್ನೇ ಮುಚ್ಚಿದರೆ ಒಳಗಿನ ತೇವ ಹೆಚ್ಚುತ್ತದೆ.

ಒಳಗೆ ಬಂದಮೇಲೆ

ಒಳಗೆ ಬಂದ ಚೋರಟೆ ಒಂದೆರಡು ದಿನದಲ್ಲಿ ಒಣಗಿ ಸಾಯುತ್ತದೆ. ಕಾರ್ಪೆಟಿನಂಚಿನಲ್ಲಿ ಸುರುಳಿ ಸುತ್ತಿಕೊಂಡೇ ಸತ್ತಿರುವ, ಮುಟ್ಟಿದರೆ ಪುಡಿಯಾಗುವವು ಇಂಥವೇ. ಬದುಕಿರುವವನ್ನು ಪೊರಕೆಯಿಂದ ಮೊರಕ್ಕೆ ತಳ್ಳಿ ಸೋಪು ನೀರಿನ ಡಬ್ಬಕ್ಕೆ ಹಾಕುವುದು ಅಥವಾ ವ್ಯಾಕ್ಯೂಮಿನಲ್ಲಿ ಎಳೆಯುವುದು ಸುಲಭ. ವ್ಯಾಕ್ಯೂಮಿನ ಚೀಲವನ್ನು ಅಂದೇ ಖಾಲಿ ಮಾಡದಿದ್ದರೆ ವಾಸನೆ ಹಿಡಿಯುತ್ತದೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಸ್ನಾನದ ನಂತರವೂ ಸ್ವಲ್ಪ ಹೊತ್ತು ಓಡಲಿ. ಬಾಗಿಲ ಬಳಿ ಅಂಟುಹಾಳೆ ಇಟ್ಟರೆ ಯಾವ ದಿಕ್ಕಿನಿಂದ ಬರುತ್ತಿವೆ ಎಂಬುದು ಒಂದು ವಾರದಲ್ಲಿ ತಿಳಿಯುತ್ತದೆ.

ಊರಿನ ಅಭ್ಯಾಸದಂತೆ ಉಪ್ಪು ಎರಚುವವರಿದ್ದಾರೆ, ಸೀಮೆಎಣ್ಣೆ ಸುರಿಯುವವರೂ ಇದ್ದಾರೆ. ಉಪ್ಪು ಮಣ್ಣು ಕೆಡಿಸುತ್ತದೆ. ಮಳೆ ಕಡಿಮೆಯಾದ ಆ ಊರಿನಲ್ಲಿ ಅದು ತೊಳೆದುಹೋಗುವುದೂ ಇಲ್ಲ. ಸೀಮೆಎಣ್ಣೆ ಬೆಂಕಿಗೆ ಆಹ್ವಾನ. ಎರಡೂ ಬೇಡ.

ಔಷಧಿಯ ಮಾತು

ಮನೆಯೊಳಗೆ ಚೋರಟೆಗೆಂದು ಕೀಟನಾಶಕ ಸಿಂಪಡಿಸುವುದರಿಂದ ಪ್ರಯೋಜನವಿಲ್ಲ. ಹೇಗೂ ಸಾಯುವುದನ್ನು ಕೊಲ್ಲಲು ಮಕ್ಕಳು ತೆವಳುವ ನೆಲಕ್ಕೆ ವಿಷ ಹಾಕಿದಂತಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಮಗ್ರ ಕೀಟ ನಿರ್ವಹಣಾ ವಿಭಾಗದ ಸಲಹೆಯ ಒತ್ತೂ ತೇವ ಕಡಿಮೆ ಮಾಡುವುದರ ಮೇಲೆ, ಸಂದು ಮುಚ್ಚುವುದರ ಮೇಲೆ. ಬೇಕೇ ಬೇಕೆಂದರೆ ಮಳೆ ತಾಗದ ಒಣ ಸಂದುಗಳಿಗೆ ಡಯಾಟಮ್ ಮಣ್ಣಿನ ಪುಡಿಯನ್ನು ತೆಳ್ಳಗೆ ಊದಬಹುದು. ಅದು ಕವಚವನ್ನು ಗೀರಿ ಮೈಯ ನೀರು ಹಾರಿಸುತ್ತದೆ. ಒದ್ದೆಯಾದರೆ ಕೆಲಸ ಮಾಡುವುದಿಲ್ಲ. ಉದುರಿಸುವಾಗ ಮೂಗಿಗೆ ಮಾಸ್ಕ್ ಇರಲಿ. ಮೆಟಾಲ್ಡಿಹೈಡ್ ಇರುವ ಬಸವನಹುಳದ ಗುಳಿಗೆಯನ್ನು ಚೋರಟೆಗೆ ಬಳಸುವವರೂ ಇದ್ದಾರೆ. ನಾಯಿಗಳಿಗೆ ಅದು ಪ್ರಾಣಾಂತಿಕ, ಮನೆಯ ಹತ್ತಿರವೂ ತರಬಾರದು.

ಬೈಫೆಂಥ್ರಿನ್‌ನಂಥ ಪೈರೆಥ್ರಾಯ್ಡ್ ಔಷಧಿಗಳನ್ನು ಗೋಡೆಯ ಹೊರಸುತ್ತಿಗೆ ಹೊಡೆದರೆ ಕೆಲವು ದಿನ ತಡೆಯುತ್ತದೆ, ಆದರೆ ಎಲೆ, ಚಕ್ಕೆಗಳ ಹಾಸಿನಡಿ ಇರುವವನ್ನು ತಲುಪುವುದಿಲ್ಲ. ಮಳೆಯ ಮುಂಚೆ ಹೊಡೆದರೆ ಅದೆಲ್ಲ ಚರಂಡಿಗೆ, ಅಲ್ಲಿಂದ ಅಲಿಸೊ ಕಾಲುವೆಯ ಮೂಲಕ ಲಾಸ್ ಏಂಜಲಿಸ್ ನದಿಗೆ. ನೀರಿನ ಜೀವಿಗಳಿಗೆ ಈ ರಾಸಾಯನಿಕ ಬಹಳ ಕೆಟ್ಟದ್ದಾದ್ದರಿಂದ ವೃತ್ತಿಪರರು ಅದನ್ನು ಹೊರಾಂಗಣದಲ್ಲಿ ಎಲ್ಲಿ, ಎಷ್ಟು ಹೊಡೆಯಬಹುದೆಂಬುದರ ಮೇಲೆ ರಾಜ್ಯ 2012ರಲ್ಲೇ ಮಿತಿ ಹಾಕಿದೆ. ಮಳೆ ಬೀಳುತ್ತಿರುವಾಗ ಹೊಡೆಯುವುದಕ್ಕೂ ನಿರ್ಬಂಧವಿದೆ.

ನೀರು, ಕಸ, ಸಂದು ಮೂರೂ ಸರಿಮಾಡಿ ಒಂದು ಋತು ಕಳೆದರೂ ಬರುವುದು ನಿಲ್ಲದಿದ್ದರೆ, ಅಥವಾ ನೆಲದಡಿಯ ಟೊಳ್ಳಿನಲ್ಲಿ ನೀರು ನಿಂತ ಸುಳಿವಿದ್ದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯುವುದು ಸರಿ. ಕ್ಯಾಲಿಫೋರ್ನಿಯಾದಲ್ಲಿ ಈ ಬಗೆಯ ಕೆಲಸಕ್ಕೆ ಬ್ರಾಂಚ್ 2 ಪರವಾನಗಿ ಬೇಕು. ಗೆದ್ದಲಿನವರದು ಬ್ರಾಂಚ್ 3. ಬಂದವರು ತೇವದ ಮೂಲ ನೋಡದೆ ತಿಂಗಳ ಚಂದಾಕ್ಕೆ ಸಹಿ ಕೇಳಿದರೆ ಇನ್ನೊಬ್ಬರನ್ನು ಕೇಳುವುದು ಮೇಲು. ಬಾಡಿಗೆದಾರರು ಸೋರುವ ಕೊಳವೆ, ಬಿರಿದ ಬಾಗಿಲ ಪಟ್ಟಿಯ ಬಗ್ಗೆ ಮಾಲೀಕರಿಗೆ ಫೋಟೊ ಸಮೇತ ಬರವಣಿಗೆಯಲ್ಲಿ ತಿಳಿಸಬೇಕು; ವಾಸಯೋಗ್ಯವಾಗಿ ಮನೆಯನ್ನು ಇಟ್ಟುಕೊಡುವುದು ರಾಜ್ಯದ ಕಾನೂನಿನಂತೆ ಅವರ ಹೊಣೆ. ಗ್ಯಾರೇಜಿನಲ್ಲಿ ಉಳಿದ ಹಳೆಯ ಕೀಟನಾಶಕವನ್ನು ಕಸದ ಡಬ್ಬಿಗೋ ಸಿಂಕಿಗೋ ಸುರಿಯುವಂತಿಲ್ಲ. ನಗರದ ಸೇಫ್ ಸಂಗ್ರಹ ಕೇಂದ್ರಗಳಲ್ಲಿ ನಿವಾಸಿಗಳಿಂದ ಅದನ್ನು ಉಚಿತವಾಗಿ ತೆಗೆದುಕೊಳ್ಳುತ್ತಾರೆ.